ಕೋರ್ ಸ್ವಿಚ್ ಬದಲಾಯಿಸಿದ ಮೇಲೆ ಕೆಲವು ಮಷಿನ್‌ಗಳಿಗೆ ಮಾತ್ರ ಸರ್ವರ್ ಸಿಗ್ತಿಲ್ಲ, ಯಾರಾದ್ರೂ ಇಂಥದ್ದು ನೋಡಿದ್ದೀರಾ?

ಭೋಸರಿ_ಕೇಬಲ್ (ಪುಣೆ)

ನಮಸ್ಕಾರ್ರೀ ಎಲ್ಲರಿಗೂ. ಪುಣೆ, ಮುಂಬೈ ಕಡೆ ನೆಟ್‌ವರ್ಕ್ ಕೆಲಸ ಮಾಡೋ ನಮ್ಮವರು ಇಲ್ಲಿ ಬಹಳ ಮಂದಿ ಇದ್ದೀರಿ ಅಂತ ಇಲ್ಲೇ ಕೇಳ್ತಿದ್ದೀನಿ.

ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡೋ ಫ್ಯಾಕ್ಟರಿ ನಮ್ದು. ಇಡೀ ನೆಟ್‌ವರ್ಕ್ ಬಂದು ಸೇರೋ ಮುಖ್ಯ ಡಬ್ಬಿ, ಹಳೇ ಸಿಸ್ಕೋ ಕೋರ್ ಸ್ವಿಚ್, ಅದರ ಪವರ್ ಸಪ್ಲೈ ಸುಟ್ಟು ಹೋಯ್ತು. ಅದೇ ಮಾಡೆಲ್ ಈಗ ಮಾರ್ಕೆಟ್‌ನಲ್ಲಿಲ್ಲ, ಬೇರೆ ಕಂಪನಿದು ತಂದು ಗುರುವಾರ ರಜೆ ದಿನ ಹಾಕಿದ್ವಿ. ಹಳೇ ಕಾನ್ಫಿಗ್ ಬ್ಯಾಕಪ್ ಎದುರಿಗಿಟ್ಕೊಂಡು ಸಾಲು ಸಾಲಾಗಿ ಹೊಸದಕ್ಕೆ ಬರೆದದ್ದು. ಅದೇ ಸ್ವಿಚ್‌ನಲ್ಲಿ ಬೇರೆ ಬೇರೆ ಮಾಡಿಟ್ಟ ಮೂರು ನೆಟ್‌ವರ್ಕ್ (ವಿಲ್ಯಾನ್): ವಿಲ್ಯಾನ್ 10 ಆಫೀಸು, 20 ಸರ್ವರು, 30 ಶಾಪ್ ಫ್ಲೋರು. ಐಪಿ 10.20.10, 10.20.20, 10.20.30, ಎಲ್ಲಾ /24, ಅಂದ್ರೆ ಮೊದಲ ಮೂರು ಅಂಕಿ ಒಂದೇ ಇದ್ರೆ ಒಂದೇ ನೆಟ್‌ವರ್ಕ್. ಮೂರರಲ್ಲೂ .1 ಅಂದ್ರೆ ಕೋರ್ ಸ್ವಿಚ್, ಅದೇ ಹೊರಗೆ ಹೋಗೋ ಬಾಗಿಲು (ಗೇಟ್‌ವೇ).

ಶುಕ್ರವಾರ ಫಸ್ಟ್ ಶಿಫ್ಟ್ ಶುರು ಆದ ಕೂಡ್ಲೇ ಫೋನು. ಶಾಪ್ ಫ್ಲೋರ್ ಪಿಸಿಗಳೆಲ್ಲಾ ಸರಿ. ಆದ್ರೆ ಲೇಬಲ್ ಪ್ರಿಂಟರ್‌ಗಳು, ವೇಬ್ರಿಡ್ಜ್ ಪಿಸಿ, ಕೆಲವು ಹಳೇ ಸಿಎನ್‌ಸಿ ಕಂಟ್ರೋಲರ್, ಇವಕ್ಕೆ ಮಾತ್ರ 10.20.20.15 ಸರ್ವರ್ ಸಿಗ್ತಿಲ್ಲ. ಗೇಟ್‌ವೇ 10.20.30.1ಕ್ಕೆ ಪಿಂಗ್ ಹೋಗ್ತದೆ. ಪಕ್ಕದ ಪಿಸಿಗೂ ಹೋಗ್ತದೆ. ಅದೇ ಪೋರ್ಟಿಗೆ ನನ್ನ ಲ್ಯಾಪ್‌ಟಾಪ್ ಚುಚ್ಚಿದ್ರೆ ಸರ್ವರ್ ಸಿಗ್ತದೆ. ಎಲ್ಲಿ ನೋಡ್ಲಿ?

ಸಿಸಿಎನ್ಎ_ಹುಡುಗ (ಪುಣೆ)

ಸರ್ವರ್‌ನ ವಿಂಡೋಸ್ ಫೈರ್‌ವಾಲ್ ಇರಬಹುದಾ ಸರ್?

ಭೋಸರಿ_ಕೇಬಲ್

ಅಲ್ಲ. ಸರ್ವರ್ ಮುಟ್ಟೇ ಇಲ್ಲ. ಲ್ಯಾಪ್‌ಟಾಪ್‌ಗೆ ಸಿಗ್ತದಲ್ಲ.

ಮಾಟುಂಗಾ_ಮಾಣಿ (ಮುಂಬೈ)

ಹೊಸ ಸ್ವಿಚ್‌ನಲ್ಲಿ ಪೋರ್ಟ್ ಸ್ಪೀಡ್ ನೋಡಿದ್ರಾ? ಹಳೇ ಕಂಟ್ರೋಲರ್‌ಗಳು 10 ಎಂಬಿಪಿಎಸ್‌ನವು ಇರ್ತವೆ, ಹೊಸ ಪೋರ್ಟ್ ಕೆಲವು ಸಲ ಅದಕ್ಕೆ ಇಳಿಯುವುದೇ ಇಲ್ಲ ಮಾರಾಯ್ರೆ.

ಭೋಸರಿ_ಕೇಬಲ್

ಲಿಂಕ್ ಇದೆ, ಗೇಟ್‌ವೇ ಪಿಂಗ್ ಆಗ್ತದೆ ಅಂದ್ನಲ್ಲ ಅಣ್ಣಾ.

ಐರೋಲಿ_ಅಕ್ಕ (ನವಿ ಮುಂಬೈ)

ವೇಬ್ರಿಡ್ಜ್ ಪಿಸಿಯ ಸಬ್‌ನೆಟ್ ಮಾಸ್ಕ್ ಏನು? ಗೇಟ್‌ವೇ ಜಾಗದಲ್ಲಿ ಏನಿದೆ? ಬೇರೆ ಏನೂ ಮಾಡೋಕೆ ಮುಂಚೆ ಇಷ್ಟು ಹೇಳಿ. ಆಗೋದಾದ್ರೆ ಆ ಪೋರ್ಟ್ ಮಿರರ್ ಮಾಡಿ (ಅದರ ಪ್ಯಾಕೆಟ್‌ಗಳ ನಕಲು ಇನ್ನೊಂದು ಪೋರ್ಟ್‌ಗೆ ಬರೋ ಹಾಗೆ), ಪ್ಯಾಕೆಟ್ ಹಿಡಿದು ತೋರಿಸೋ ವೈರ್‌ಶಾರ್ಕ್ ಹಾಕಿ, ಪಿಸಿ ಸರ್ವರ್‌ಗೆ ಪಿಂಗ್ ಮಾಡುವಾಗ ಏನು ಕೂಗ್ತಿದೆ ನೋಡಿ.

ಭೋಸರಿ_ಕೇಬಲ್

ಅಕ್ಕಾ, ಮಾಸ್ಕ್ 255.255.0.0. ಗೇಟ್‌ವೇ ಖಾಲಿ! ಪ್ರಿಂಟರ್‌ನಲ್ಲೂ ಹಂಗೇ. ಯಾರು ಯಾವ ಕಾಲದಲ್ಲಿ ಹಾಕಿದ್ರೋ ಗೊತ್ತಿಲ್ಲ. ವೈರ್‌ಶಾರ್ಕ್‌ನಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರ್ತಿದೆ: "10.20.20.15 ಯಾರ ಹತ್ರ ಇದೆ? 10.20.30.61ಕ್ಕೆ ಹೇಳಿ". ಉತ್ತರ ಇಲ್ಲ.

ಆದ್ರೆ ಇದೇ ಸೆಟ್ಟಿಂಗ್‌ನಲ್ಲಿ ಬುಧವಾರದ ತನಕ ಎಲ್ಲಾ ನಡೀತಿತ್ತಲ್ಲ?

ಐರೋಲಿ_ಅಕ್ಕ

ನಡೀತಿತ್ತು, ಯಾಕಂದ್ರೆ ಹಳೇ ಸ್ವಿಚ್ ಪ್ರಾಕ್ಸಿ ಎಆರ್‌ಪಿ ಮಾಡ್ತಿತ್ತು: 'ಈ ಐಪಿ ಯಾರದು, ಮ್ಯಾಕ್ (ಹಾರ್ಡ್‌ವೇರ್ ವಿಳಾಸ) ಹೇಳಿ' ಅನ್ನೋ ಎಆರ್‌ಪಿ ಕೂಗಿಗೆ ಬೇರೆಯವರ ಪರವಾಗಿ ತಾನೇ ಉತ್ತರ ಕೊಡ್ತಿತ್ತು. ಹೊಸದು ಮಾಡ್ತಿಲ್ಲ.

ವೇಬ್ರಿಡ್ಜ್ ಪಿಸಿಯ ಲೆಕ್ಕದಲ್ಲಿ ಮಾಸ್ಕ್ 255.255.0.0, ಅಂದ್ರೆ /16. ಅಂದ್ರೆ 10.20ರಿಂದ ಶುರುವಾಗೋದೆಲ್ಲಾ ತನ್ನದೇ ವೈರ್ ಮೇಲಿದೆ ಅಂತ ಅದರ ನಂಬಿಕೆ. 10.20.20.15 ಕೂಡ. ತನ್ನದೇ ನೆಟ್‌ವರ್ಕ್ ಅಂದ್ಕೊಂಡ ಮೇಲೆ ಗೇಟ್‌ವೇ ಕೇಳೋ ಪ್ರಶ್ನೆನೇ ಇಲ್ಲ, ನೇರ ಎಆರ್‌ಪಿ ಬ್ರಾಡ್‌ಕಾಸ್ಟ್ ಬಿಡುತ್ತೆ. ಆದ್ರೆ ಸರ್ವರ್ ಇರೋದು ವಿಲ್ಯಾನ್ 20ರಲ್ಲಿ, ಈ ಬ್ರಾಡ್‌ಕಾಸ್ಟ್ ವಿಲ್ಯಾನ್ 30 ದಾಟಲ್ಲ. ಸರ್ವರ್‌ಗೆ ಆ ಕೂಗು ಕೇಳಿಸೋದೇ ಇಲ್ಲ.

ಹಳೇ ಸ್ವಿಚ್‌ನ ವಿಲ್ಯಾನ್ 30 ಇಂಟರ್‌ಫೇಸ್ ಈ ಪ್ರಶ್ನೆ ಕೇಳಿಸ್ಕೊಂಡು ತನ್ನ ರೂಟಿಂಗ್ ಟೇಬಲ್ ನೋಡ್ತಿತ್ತು. 10.20.20.15ಕ್ಕೆ ದಾರಿ ಇದೆಯಾ, ಇದೆ. ಆ ದಾರಿ ಪ್ರಶ್ನೆ ಬಂದ ಇಂಟರ್‌ಫೇಸ್ ಬಿಟ್ಟು ಬೇರೆ ಕಡೆಗಾ, ಹೌದು, ವಿಲ್ಯಾನ್ 20. ಹಾಗಾದ್ರೆ "10.20.20.15 ನನ್ನ ಹತ್ರ ಇದೆ" ಅಂತ ತನ್ನ ಮ್ಯಾಕ್ ಅಡ್ರೆಸ್ ಕೊಟ್ಟು ಉತ್ತರ ಕಳಿಸ್ತಿತ್ತು. ಪಿಸಿ ನಂಬಿ ಪ್ಯಾಕೆಟ್ ಸ್ವಿಚ್‌ಗೆ ಕೊಡ್ತಿತ್ತು, ಸ್ವಿಚ್ ರೂಟ್ ಮಾಡ್ತಿತ್ತು. ಸರ್ವರ್‌ನ ಮಾಸ್ಕ್, ಗೇಟ್‌ವೇ ಸರಿ ಇರೋದ್ರಿಂದ ವಾಪಸ್ ಬರೋ ದಾರಿಗೆ ತೊಂದರೆ ಇಲ್ಲ.

ನಿಮ್ಮ ಲ್ಯಾಪ್‌ಟಾಪ್‌ಗೆ ಐಪಿ ತಾನಾಗೇ ಹಂಚೋ ಡಿಎಚ್‌ಸಿಪಿಯಿಂದ /24 ಮಾಸ್ಕ್, ಗೇಟ್‌ವೇ ಎರಡೂ ಸಿಗುತ್ತೆ. ಅದಕ್ಕೇ ಅದೇ ಪೋರ್ಟ್‌ನಲ್ಲಿ ಅದಕ್ಕೆ ಸರ್ವರ್ ಸಿಕ್ತು.

ಭೋಸರಿ_ಕೇಬಲ್

ಅಲ್ಲ ಅಕ್ಕಾ, ಹಳೇ ಕಾನ್ಫಿಗ್‌ನಲ್ಲಿ ಪ್ರಾಕ್ಸಿ ಅನ್ನೋ ಪದನೇ ಇಲ್ಲ. ಈಗ್ಲೂ ಹುಡುಕಿದೆ. ಒಂದು ಸಾಲೂ ಇಲ್ಲ.

ಐರೋಲಿ_ಅಕ್ಕ

ಇರಲ್ಲ. ಸಿಸ್ಕೋ ಸ್ವಿಚ್‌ನ ಸಾಫ್ಟ್‌ವೇರ್ ಐಓಎಸ್‌ನಲ್ಲಿ ಪ್ರಾಕ್ಸಿ ಎಆರ್‌ಪಿ ಡೀಫಾಲ್ಟ್ ಆಗೇ ಆನ್. ಡೀಫಾಲ್ಟ್ ಆಗಿರೋದನ್ನ 'ಶೋ ರನ್ನಿಂಗ್-ಕಾನ್ಫಿಗ್' ತೋರಿಸಲ್ಲ. ಯಾರಾದ್ರೂ ಆಫ್ ಮಾಡಿದ್ರೆ ಮಾತ್ರ 'ನೋ ಐಪಿ ಪ್ರಾಕ್ಸಿ-ಎಆರ್‌ಪಿ' ಅಂತ ಸಾಲು ಕಾಣುತ್ತೆ. ನೋಡ್ಬೇಕಂದ್ರೆ 'ಶೋ ಐಪಿ ಇಂಟರ್‌ಫೇಸ್ ವಿಲ್ಯಾನ್ 30', ಅದರೊಳಗೆ ಪ್ರಾಕ್ಸಿ ಎಆರ್‌ಪಿ ಎನೇಬಲ್ಡ್ ಅಂತ ಒಂದು ಸಾಲು ಇರುತ್ತೆ. ಇಲ್ಲಾಂದ್ರೆ 'ಶೋ ರನ್ನಿಂಗ್-ಕಾನ್ಫಿಗ್ ಆಲ್'.

ನೆಕ್ಸಸ್ ಸ್ವಿಚ್‌ಗಳಲ್ಲಿ ಅದೇ ಸಿಸ್ಕೋದವರೇ ಡೀಫಾಲ್ಟ್ ಆಫ್ ಇಟ್ಟಿದ್ದಾರೆ. ಜುನಿಪರ್ ಇಎಕ್ಸ್, ಅರಿಸ್ಟಾ, ಹುವಾವೆ, ಎಲ್ಲಾ ಆಫ್. ಸಾಲು ಸಾಲು ನಕಲು ಮಾಡಿದ್ರೂ ಬರೆಯದೇ ಇದ್ದ ಸಾಲು ನಕಲಾಗಲ್ಲ ನೋಡಿ.

ಪ್ಯಾಕೆಟ್_ಪಾಟೀಲ (ಹಿಂಜವಡಿ)

ಅಕ್ಕಾರ ಹೇಳಿದ್ದು ಖರೇ ಐತಿ. ಸ್ವಿಚ್ ಬದಲಿ ಮಾಡಿದ ಮರುದಿನ "ಪ್ರಿಂಟರ್ ಸತ್ತೈತಿ" ಅಂತ ಫೋನ್ ಬಂದ್ರ ನಾ ಮೊದಲ ಕೇಳೋದು ಮಾಸ್ಕ್.

ಸಿಸಿಎನ್ಎ_ಹುಡುಗ

ಒಂದು ಡೌಟು. ಸ್ವಿಚ್ ಲೇಯರ್ 2 ಅಲ್ವಾ, ಮ್ಯಾಕ್ ಮಾತ್ರ ನೋಡೋದು? ಅದು ಹೇಗೆ ಎಆರ್‌ಪಿಗೆ ಉತ್ತರ ಕೊಡುತ್ತೆ? ನಮ್ಮ ಕ್ಲಾಸಲ್ಲಿ ಪ್ರಾಕ್ಸಿ ಎಆರ್‌ಪಿ ಅಂದ್ರೆ ಒಂದು ನೆಟ್‌ವರ್ಕ್‌ನ ಎಆರ್‌ಪಿ ಪ್ರಶ್ನೆಯನ್ನ ಇನ್ನೊಂದಕ್ಕೆ ಸಾಗಿಸೋದು ಅಂತ ಹೇಳಿದ್ರು.

ಹಳೇ_ಸಬ್‌ನೆಟ್ (ಠಾಣೆ)

ಎರಡೂ ತಪ್ಪು.

ಬರೀ ಲೇಯರ್ 2 ಸ್ವಿಚ್ ಎಆರ್‌ಪಿ ಬ್ರಾಡ್‌ಕಾಸ್ಟನ್ನ ಆ ವಿಲ್ಯಾನ್‌ನ ಎಲ್ಲಾ ಪೋರ್ಟಿಗೂ ಹಂಚುತ್ತೆ ಅಷ್ಟೇ. ಉತ್ತರ ಕೊಡೋದು ಐಪಿ ಹಾಕಿರೋ ವಿಲ್ಯಾನ್ ಇಂಟರ್‌ಫೇಸು, ಎಸ್‌ವಿಐ ಅಂತೀವಲ್ಲ ಅದು. ರೂಟಿಂಗ್ ಇರೋ ಕಡೆ ಮಾತ್ರ.

ಎರಡನೇದು: ಪ್ರಶ್ನೆಯನ್ನ ಆಚೆ ಸಾಗಿಸೋದಿಲ್ಲ. ತಾನೇ ಉತ್ತರ ಹೇಳಿ ಮುಗಿಸುತ್ತೆ. ಸರ್ವರ್ ಬದುಕಿದೆಯಾ ಸತ್ತಿದೆಯಾ ಅಂತ ಆ ಕ್ಷಣಕ್ಕೆ ನೋಡೋದೂ ಇಲ್ಲ, ದಾರಿ ಇದ್ರೆ ಸಾಕು. ಮೊದಲ ಡೇಟಾ ಪ್ಯಾಕೆಟ್ ಬಂದಾಗ ಸ್ವಿಚ್ ವಿಲ್ಯಾನ್ 20ರಲ್ಲಿ ತನ್ನ ಹೆಸರಲ್ಲಿ ಬೇರೆ ಎಆರ್‌ಪಿ ಕೇಳುತ್ತೆ. ಹಾಗಾಗಿ ಸರ್ವರ್ ಪ್ಲಗ್ ಕಿತ್ತಿಟ್ಟಿದ್ರೂ ಪಿಸಿಯ ಎಆರ್‌ಪಿ ಟೇಬಲ್‌ನಲ್ಲಿ ಅದರ ಎದುರು ಮ್ಯಾಕ್ ಚೆನ್ನಾಗಿ ಕೂತಿರುತ್ತೆ. "ಎಆರ್‌ಪಿ ಬಂದಿದೆ, ಸರ್ವರ್ ಇದೆ" ಅಂತ ವಾದ ಮಾಡೋರು ಇಲ್ಲೇ ದಾರಿ ತಪ್ಪೋದು.

ಸಿಸಿಎನ್ಎ_ಹುಡುಗ

ಓ, ನಮ್ಮ ಸೊಸೈಟಿ ವಾಚ್‌ಮನ್ ಥರ. ಯಾರ ಹೆಸರಿಗೆ ಕೊರಿಯರ್ ಬಂದ್ರೂ "ಹಾಂ, ಇಕಡೆ ದ್ಯಾ" (ಇತ್ತ ಕೊಡಿ) ಅಂತ ಇಸ್ಕೋತಾನೆ.

ಮಾಟುಂಗಾ_ಮಾಣಿ

ಹೌದು, ಖಾಲಿ ಫ್ಲ್ಯಾಟಿಂದೂ ಇಸ್ಕೋತಾನೆ 😄

ಭೋಸರಿ_ಕೇಬಲ್

ವಿಲ್ಯಾನ್ 30ರಲ್ಲಿ ಪ್ರಾಕ್ಸಿ ಎಆರ್‌ಪಿ ಆನ್ ಮಾಡ್ದೆ. ಎಂಟರ್ ಒತ್ತಿ ತಿರುಗಿ ನೋಡೋದ್ರೊಳಗೆ ಲೇಬಲ್ ಪ್ರಿಂಟರ್ ಕ್ಯೂನಲ್ಲಿದ್ದದ್ದನ್ನೆಲ್ಲಾ ಉಗುಳೋಕೆ ಶುರು ಮಾಡ್ತು, ನಿಲ್ಲಿಸೋಕೇ ಆಗ್ಲಿಲ್ಲ. ವೇಬ್ರಿಡ್ಜ್ ಪಿಸಿಯಲ್ಲಿ ಎಆರ್‌ಪಿ ಟೇಬಲ್ ತೆಗೆದ್ರೆ 10.20.20.15 ಎದುರು, 10.20.30.1 ಎದುರು ಒಂದೇ ಮ್ಯಾಕ್. ಪಿಂಗ್‌ನಲ್ಲಿ ಟಿಟಿಎಲ್ (ರೂಟರ್ ದಾಟಿದಾಗೆಲ್ಲಾ ಒಂದು ಕಮ್ಮಿಯಾಗೋ ಲೆಕ್ಕ) 127 ಬರ್ತಿದೆ.

ಹಳೇ_ಸಬ್‌ನೆಟ್

ಆ 127 ನೋಡಿ, ಅದೇ ಸಾಕ್ಷಿ. ವಿಂಡೋಸ್ ಸರ್ವರ್ 128ರಿಂದ ಕಳಿಸುತ್ತೆ. ನಿಜವಾಗ್ಲೂ ಒಂದೇ ವೈರ್ ಮೇಲೆ ಇದ್ದಿದ್ರೆ 128 ಬರ್ಬೇಕಿತ್ತು. ಮಧ್ಯೆ ಯಾರೋ ರೂಟ್ ಮಾಡಿದ್ದಾರೆ ಅಂತ ಒಂದು ಕಮ್ಮಿಯಾಗಿದೆ. ಲಿನಕ್ಸ್ ಆಗಿದ್ರೆ 64ರ ಬದಲು 63.

ಈಗ ಮುಖ್ಯ ಮಾತು: ಅದನ್ನ ಆಫ್ ಮಾಡಿ. ಮಾಸ್ಕ್ ಸರಿ ಮಾಡಿ, ಗೇಟ್‌ವೇ ಹಾಕಿ. ರೋಗ ಇರೋದು ಪ್ರಿಂಟರ್‌ನಲ್ಲಿ, ಔಷಧ ಸ್ವಿಚ್‌ಗೆ ಕುಡಿಸ್ತಿದ್ದೀರಿ.

ಚಾಕಣ_ಶಿಫ್ಟ್ (ಪುಣೆ)

ಸುಮ್ನಿರಿ ಸಬ್‌ನೆಟ್ ಅಣ್ಣ. ಮೂರು ಶಿಫ್ಟ್ ಓಡೋ ಲೈನ್‌ನಲ್ಲಿ ಪ್ರತಿ ಕಂಟ್ರೋಲರ್ ಹತ್ರ ಹೋಗಿ ಮಾಸ್ಕ್ ಬದಲಾಯಿಸ್ತಾ ಕೂತ್ಕೊಳ್ಳೋಕಾಗುತ್ತಾ? ಕೆಲವು ಕಂಟ್ರೋಲರ್‌ಗೆ ಪಾಸ್‌ವರ್ಡ್ ಇರೋದು ಮಷಿನ್ ಮಾರಿದ ಕಂಪನಿ ಸರ್ವಿಸ್ ಎಂಜಿನಿಯರ್ ಹತ್ರ ಮಾತ್ರ. ಐಪಿ ಬದಲಾಯಿಸಿದ್ರೆ ರೀಬೂಟ್ ಬೇರೆ. ಪ್ರೊಡಕ್ಷನ್ ಮ್ಯಾನೇಜರ್ ಎದುರು ನಿಂತ್ಕೊಂಡು ಇಂಟರ್ನೆಟ್ ನಿಯಮಗಳ ದಾಖಲೆ ಹಿಡಿದು "ಆರ್‌ಎಫ್‌ಸಿ ಪ್ರಕಾರ" ಅಂತ ಹೇಳಿ ನೋಡಿ ಒಮ್ಮೆ.

ಮೊದಲು ಲೈನ್ ಓಡಲಿ. ಆಮೇಲೆ ನಿಧಾನಕ್ಕೆ ಸರಿ ಮಾಡ್ಲಿ.

ಹಳೇ_ಸಬ್‌ನೆಟ್

"ಆಮೇಲೆ ನಿಧಾನಕ್ಕೆ" ಅಂತ ಬಿಟ್ಟಿದ್ದಕ್ಕೇ ಈ ಪ್ರಿಂಟರ್‌ಗಳು ಇಷ್ಟು ವರ್ಷ /16ನಲ್ಲಿ ಕೂತಿರೋದು.

ಚಾಕಣ_ಶಿಫ್ಟ್

ಕೂತಿದ್ವು, ಕೆಲಸನೂ ಮಾಡ್ತಿದ್ವು. ಯಾರಿಗೆ ಏನು ನಷ್ಟ ಆಯ್ತು?

ಐರೋಲಿ_ಅಕ್ಕ

ಇಬ್ಬರೂ ನಿಲ್ಲಿಸಿ. ವಿಲ್ಯಾನ್ 30ರಲ್ಲಿ ಮಾತ್ರ ಆನ್ ಇರಲಿ, 10 ಮತ್ತೆ 20ರಲ್ಲಿ ಬೇಡ. ಈಗ ಕೆಲಸ ಕೊಡೋದು ಹೀಗೆ: ಆ ವಿಲ್ಯಾನ್‌ನ ಎಆರ್‌ಪಿ ಬ್ರಾಡ್‌ಕಾಸ್ಟ್‌ಗಳನ್ನ ಒಂದು ಪೂರ್ತಿ ಶಿಫ್ಟ್ ವೈರ್‌ಶಾರ್ಕ್‌ನಲ್ಲಿ ಹಿಡೀರಿ. 10.20.30 ಬಿಟ್ಟು ಬೇರೆ ವಿಳಾಸವನ್ನ ಯಾರ್ಯಾರು ಕೇಳ್ತಿದ್ದಾರೆ ನೋಡಿ. ಮಾಸ್ಕ್ ಕೆಟ್ಟಿರೋರ ಪಟ್ಟಿ ತಾನಾಗೇ ಕೈಗೆ ಬರುತ್ತೆ, ಫ್ಲೋರ್ ಸುತ್ತೋದು ಬೇಡ. ಬ್ರಾಡ್‌ಕಾಸ್ಟ್ ಆದ್ರಿಂದ ಮಿರರ್ ಪೋರ್ಟೂ ಬೇಡ, ವಿಲ್ಯಾನ್ 30ರ ಯಾವ ಪೋರ್ಟ್‌ನಲ್ಲಾದ್ರೂ ಕೂತ್ಕೊಳ್ಳಿ. ಪಟ್ಟಿಯಲ್ಲಿರೋದನ್ನ ವಾರದ ರಜೆಗಳಲ್ಲಿ ಒಂದೊಂದಾಗಿ ಸರಿ ಮಾಡಿ. ಪಟ್ಟಿ ಖಾಲಿ ಆದ ದಿನ ಆಫ್ ಮಾಡಿ.

ಭೋಸರಿ_ಕೇಬಲ್

ಇದು ಆಗ್ತದೆ ಅಕ್ಕಾ. ರೆಕಾರ್ಡಿಂಗ್ ಈಗ್ಲೇ ಹಚ್ಚಿದೆ.

ಪ್ಯಾಕೆಟ್_ಪಾಟೀಲ

ನಷ್ಟ ಏನು ಅಂತ ಕೇಳಿದ್ರಲ್ಲ ಚಾಕಣದವ್ರ, ಒಂದ್ ಹೇಳ್ತೀನಿ. ಕೆಲವು ಕಡೆ ಬೇಕಂತ ಗೇಟ್‌ವೇ ಖಾಲಿ ಬಿಟ್ಟಿರ್ತಾರ. "ಈ ಮಷಿನ್ ಹೊರಗ ಹೋಗಬಾರದು, ಗೇಟ್‌ವೇ ಕೊಡಬ್ಯಾಡ್ರಿ" ಅಂತ. ಮಾಸ್ಕ್ /24 ಇದ್ರ ಅದು ಖರೇನ ಹೊರಗ ಹೋಗಂಗಿಲ್ಲ. ಮಾಸ್ಕ್ ದೊಡ್ಡದಿತ್ತು, ಪ್ರಾಕ್ಸಿ ಎಆರ್‌ಪಿ ಆನ್ ಇತ್ತು ಅಂದ್ರ ಆ ಮಷಿನ್ ಆರಾಮಾಗಿ ಬ್ಯಾರೆ ವಿಲ್ಯಾನ್‌ಗೆ ಹೋಗಿ ಬಂದು ಮಾಡ್ತಿರ್ತೈತಿ. ಕಾಗದದ ಮ್ಯಾಲ "ಐಸೊಲೇಟೆಡ್" ಅಂತ ಬರದು ಆಡಿಟರ್‌ಗೆ ತೋರಿಸ್ತಿರ್ತಾರ.

ಸಿಸಿಎನ್ಎ_ಹುಡುಗ

ಹಾಗಾದ್ರೆ ಯಾರು ಎಲ್ಲಿಗೆ ಹೋಗಬಹುದು ಅನ್ನೋ ಪಟ್ಟಿ, ಎಸಿಎಲ್, ಅದೂ ಬೈಪಾಸ್ ಆಗುತ್ತಾ?

ಪ್ಯಾಕೆಟ್_ಪಾಟೀಲ

ಇಲ್ಲ ತಮ್ಮಾ. ಪ್ಯಾಕೆಟ್ ಎಸ್‌ವಿಐ ದಾಟೇ ಹೋಗಬೇಕಲ್ಲ, ಅಲ್ಲಿ ಎಸಿಎಲ್ ಇದ್ರ ಅದು ಹಿಡೀತೈತಿ. ಎಸಿಎಲ್ ಇಲ್ಲದ ಬರೀ ಗೇಟ್‌ವೇ ಖಾಲಿ ಬಿಟ್ಟು ಅದನ್ನ ಸೆಕ್ಯೂರಿಟಿ ಅಂತ ನಂಬಿದೋರದು ಪಂಚಾಯ್ತಿ.

ವಾಸ್ಕೋ_ಬಸ್ಯಾ (ಗೋವಾ)

ಏನ್ರೀ ಎಲ್ಲಾರೂ ಫ್ಯಾಕ್ಟರಿ ಮಾತಾಡಾಕತ್ತೀರಿ, ನಮ್ಮ ಗೋವಾ ಕಡೆ ಕತಿ ಕೇಳ್ರಿ. ಇಲ್ಲಿ ರಿಸಾರ್ಟ್ ವೈಫೈ ಕೆಲಸ ನಂದು. ಗೆಸ್ಟ್ ವಿಲ್ಯಾನ್‌ನಾಗ ಒಂದ್ ರೂಮಿನ ಫೋನ್ ಇನ್ನೊಂದ್ ರೂಮಿನ ಫೋನಿಗೆ ಮಾತಾಡಬಾರದು ಅಂತ ಪ್ರೈವೇಟ್ ವಿಲ್ಯಾನ್ ಮಾಡಿ ಪೋರ್ಟ್ ಎಲ್ಲಾ ಐಸೊಲೇಟೆಡ್ ಇಟ್ಟಿದ್ರು. ಆಮ್ಯಾಲ ಯಾರೋ ಮ್ಯಾನೇಜರ್ "ಗೆಸ್ಟ್‌ಗೆ ಟಿವಿಗೆ ಕಾಸ್ಟ್ ಮಾಡಾಕ ಆಗವಲ್ದು" ಅಂದ. ಇನ್‌ಸ್ಟಾಲ್ ಮಾಡಿದವ 'ಐಪಿ ಲೋಕಲ್-ಪ್ರಾಕ್ಸಿ-ಎಆರ್‌ಪಿ' ಹಾಕಿ ಹ್ವಾದ.

ಎರಡ್ ದಿನಕ್ಕ ಅರ್ಧ ಗೆಸ್ಟ್‌ಗೆ ಐಪಿನ ಸಿಗವಲ್ದು. ಡಿಎಚ್‌ಸಿಪಿ ಪೂಲ್ ನೋಡಿದ್ರ ಎಲ್ಲಾ "ಕಾನ್‌ಫ್ಲಿಕ್ಟ್".

ಐರೋಲಿ_ಅಕ್ಕ

ಹಾ, ಪ್ರೋಬ್‌ಗೆ ಉತ್ತರ ಕೊಟ್ಟಿದೆ!

ವಾಸ್ಕೋ_ಬಸ್ಯಾ

ಅದ ನೋಡ್ರಿ ಅಕ್ಕಾರ. ಫೋನಿಗೆ ಐಪಿ ಸಿಕ್ಕ ಕೂಡ್ಲೇ ಅದನ್ನ ಬಳಸೋ ಮುಂಚೆ "ಈ ಐಪಿ ಯಾರ ಹತ್ರರ ಐತೇನ್ರಿ" ಅಂತ ಒಂದ್ ಎಆರ್‌ಪಿ ಪ್ರೋಬ್ ಬಿಡ್ತೈತಿ, ಕೇಳೋವ್ರ ಐಪಿ ಜಾಗಾದಾಗ 0.0.0.0 ಇರ್ತೈತಿ. ಯಾರೂ ಉತ್ತರ ಕೊಡಲಿಲ್ಲ ಅಂದ್ರ ಇಟ್ಕೋತೈತಿ. 2008ರ ಆರ್‌ಎಫ್‌ಸಿ 5227ನಾಗ ಇದೆಲ್ಲಾ ಬರದಾರ. ಲೋಕಲ್ ಪ್ರಾಕ್ಸಿ ಅಂದ್ರ ಅದ ಸಬ್‌ನೆಟ್ಟಿನ ಒಳಗಿನ ಪ್ರಶ್ನೆಗೂ ಗೇಟ್‌ವೇ "ನಾನ, ನಾನ" ಅಂತೈತಿ. ಆ ಡಬ್ಬಿ ಪ್ರೋಬ್ ಯಾವದು, ಖರೇ ಪ್ರಶ್ನೆ ಯಾವದು ಅಂತ ನೋಡದ ಎಲ್ಲಾಕ್ಕೂ ಉತ್ತರ ಕೊಟ್ಟೈತಿ. ಫೋನ್ "ಯಾರೋ ಅದಾರ" ಅಂತ ಡಿಕ್ಲೈನ್ ಕಳಿಸಿ ಇನ್ನೊಂದ್ ಐಪಿ ಕೇಳ್ತೈತಿ, ಅದಕ್ಕೂ ಹಂಗ. ಪೂಲ್ ಸುಟ್ಟು ಬೂದಿ.

ತೆಗದು ಹಾಕಿದೆ. ಟಿವಿ ಕಾಸ್ಟಿಂಗ್‌ಗೆ ರೂಮ್ ರೂಮಿಗೆ ಬ್ಯಾರೆ ದಾರಿ ಮಾಡಿದ್ವಿ. ಅಷ್ಟಕ್ಕೂ ಕಾಸ್ಟಿಂಗ್‌ನಾಗ ಟಿವಿ ಹುಡುಕೋದು ಮಲ್ಟಿಕಾಸ್ಟ್ ಮ್ಯಾಲ, ಎಆರ್‌ಪಿ ಪ್ರಾಕ್ಸಿ ಮಾಡಿದ್ರ ಅದು ಹೆಂಗ ದಾಟತೈತಿ?

ಮಾಟುಂಗಾ_ಮಾಣಿ

ಲೋಕಲ್ ಪ್ರಾಕ್ಸಿಯನ್ನು ಅಷ್ಟು ಬೈಬೇಡಿ ಬಸ್ಯಣ್ಣ. ನಾನು ಸಣ್ಣ ಐಎಸ್‌ಪಿಯಲ್ಲಿ ಇರೋದು, ನಮ್ಮ ಹೊಟ್ಟೆಪಾಡೇ ಅದರ ಮೇಲೆ ಉಂಟು. ಗಿರಾಕಿ ಗಿರಾಕಿಗೆ ಬೇರೆ ಬೇರೆ /30 ಕೊಡ್ತಾ ಹೋದ್ರೆ ಒಂದು /24ನಲ್ಲಿ 64 ಮನೆ ಮಾತ್ರ. ನಾಲ್ಕು ವಿಳಾಸದಲ್ಲಿ ಗಿರಾಕಿಗೆ ಸಿಗುವುದು ಒಂದು. ಪಬ್ಲಿಕ್ ಐಪಿಗೆ ಈಗ ಎಷ್ಟು ರೇಟುಂಟು ಗೊತ್ತುಂಟಲ್ಲ?

ಅದೇ /24ನ್ನು ಸೂಪರ್ ವಿಲ್ಯಾನ್ ಮಾಡಿ, ಒಳಗೆ ಗಿರಾಕಿಗೊಂದು ಸಬ್ ವಿಲ್ಯಾನ್ ಹಾಕಿದ್ರೆ 253 ಮನೆ. ಗೇಟ್‌ವೇ ಎಲ್ಲರಿಗೂ ಒಂದೇ. ಲೇಯರ್ 2ನಲ್ಲಿ ಯಾರ ಬ್ರಾಡ್‌ಕಾಸ್ಟೂ ಯಾರಿಗೂ ಕಾಣುವುದಿಲ್ಲ. ಒಬ್ಬ ಗಿರಾಕಿ ಅದೇ ಸಬ್‌ನೆಟ್ಟಿನ ಇನ್ನೊಬ್ಬನ ಹತ್ರ ಮಾತಾಡಬೇಕಾದ್ರೆ ಮಧ್ಯದಲ್ಲಿ ಸ್ವಿಚ್ ಪ್ರಾಕ್ಸಿ ಎಆರ್‌ಪಿ ಮಾಡಲೇಬೇಕು. ಆರ್‌ಎಫ್‌ಸಿ 3069, 2001ರದ್ದು, ಇದನ್ನೇ ಹೇಳುವುದು.

ಹಳೇ_ಸಬ್‌ನೆಟ್

ಇದನ್ನ ನಾನೂ ಒಪ್ತೀನಿ. ಬೇಕು ಅಂತ ಗೊತ್ತಿದ್ದು ಹಾಕಿದ್ರೆ ಅದು ಡಿಸೈನು. ಯಾರೂ ಹಾಕದೇ ತಾನಾಗೇ ಆನ್ ಇದ್ದು, ಯಾರಿಗೂ ಗೊತ್ತಿಲ್ಲದೇ ಅದರ ಮೇಲೆ ಫ್ಯಾಕ್ಟರಿ ಓಡ್ತಿದ್ರೆ ಅದೇ ನನ್ನ ತಕರಾರು.

ಸಿಸಿಎನ್ಎ_ಹುಡುಗ

ಇಂಥ ವಿಚಿತ್ರ ಫೀಚರ್‌ನ ಡೀಫಾಲ್ಟ್ ಆನ್ ಯಾಕೆ ಇಟ್ರು?

ಹಳೇ_ಸಬ್‌ನೆಟ್

ಆ ಕಾಲಕ್ಕೆ ವಿಚಿತ್ರ ಆಗಿರ್ಲಿಲ್ಲ. ಎಆರ್‌ಪಿ ಬಂದಿದ್ದು 1982, ಆರ್‌ಎಫ್‌ಸಿ 826, ಡೇವಿಡ್ ಪ್ಲಮರ್ ಬರೆದದ್ದು. ಆಗ ಸಬ್‌ನೆಟ್ ಅನ್ನೋದು ಇನ್ನೂ ಸ್ಟ್ಯಾಂಡರ್ಡ್ ಆಗಿರ್ಲಿಲ್ಲ. ಸಬ್‌ನೆಟ್ಟಿಂಗ್‌ನ ಆರ್‌ಎಫ್‌ಸಿ 950 ಬಂದಿದ್ದು 1985. ಯೂನಿವರ್ಸಿಟಿಗಳು ತಮ್ಮ ಕ್ಲಾಸ್ ಬಿ (ಈಗಿನ ಲೆಕ್ಕದಲ್ಲಿ /16) ನೆಟ್‌ವರ್ಕನ್ನ ತುಂಡು ಮಾಡಿ ಮಧ್ಯೆ ಗೇಟ್‌ವೇ ಇಟ್ಟವು. ಆದ್ರೆ ಮಷಿನ್‌ಗಳಲ್ಲಿದ್ದ ಹಳೇ ಸಾಫ್ಟ್‌ವೇರ್‌ಗೆ ಸಬ್‌ನೆಟ್ ಅರ್ಥ ಆಗ್ತಿರ್ಲಿಲ್ಲ, ಇಡೀ ಕ್ಲಾಸ್ ಬಿ ಒಂದೇ ವೈರ್ ಅಂತ ನಂಬಿ ಎಆರ್‌ಪಿ ಕೂಗೋವು. ಎಲ್ಲಾ ಮಷಿನ್‌ಗೂ ಸಾಫ್ಟ್‌ವೇರ್ ಬದಲಿಸೋ ತನಕ ಗೇಟ್‌ವೇನೇ ಎಲ್ಲರ ಪರವಾಗಿ ಉತ್ತರ ಕೊಡ್ಲಿ ಅಂತ ಮಾಡಿದ್ದು. 1984ರಲ್ಲಿ ಜಾನ್ ಪೋಸ್ಟೆಲ್ ಆರ್‌ಎಫ್‌ಸಿ 925 ಬರೆದ್ರು, 1987ರಲ್ಲಿ ಕಾರ್ಲ್-ಮಿಚೆಲ್ ಮತ್ತೆ ಕ್ವಾರ್ಟರ್‌ಮನ್ ಆರ್‌ಎಫ್‌ಸಿ 1027 ಬರೆದ್ರು. ಎಆರ್‌ಪಿ ಹ್ಯಾಕ್ ಅಂತಲೇ ಕರೀತಿದ್ರು ಇದನ್ನ.

ಭೋಸರಿಯ ಪ್ರಿಂಟರ್ ಮಾಡ್ತಿರೋದೂ ಅದನ್ನೇ, 40 ವರ್ಷ ತಡವಾಗಿ.

ಚಾಕಣ_ಶಿಫ್ಟ್

ನಮ್ಮ ಪ್ಲಾಂಟ್‌ನಲ್ಲಿ ಅದಕ್ಕಿಂತ ಹಳೇದು ಇವೆ ಬಿಡಿ. ಈಗ ತಳೇಗಾಂವ್ ಚೌಕದಲ್ಲಿ ಸಿಕ್ಕಾಕ್ಕೊಂಡಿದ್ದೀನಿ, ಬಸ್ಸಲ್ಲೇ ಓದ್ತಿದ್ದೀನಿ. ಥ್ರೆಡ್ ಮುಗಿಯುತ್ತೆ, ಈ ಟ್ರಾಫಿಕ್ ಮುಗಿಯಲ್ಲ.

ಪ್ಯಾಕೆಟ್_ಪಾಟೀಲ

ಹಿಂಜವಡಿಗೆ ಬರ್ರಿ, ಅದಕ್ಕಿಂತ ಚಂದ ಟ್ರಾಫಿಕ್ ತೋರಸ್ತೀನಿ.

ಮತ್ತ "ಹಳೇದು" ಅಂತ ಅನ್ನಬ್ಯಾಡ್ರಿ. ನಮ್ಮ ಕುಬರ್ನೆಟಿಸ್ ಕ್ಲಸ್ಟರ್‌ನಾಗ (ಅಪ್ಲಿಕೇಶನ್‌ಗಳು ಪಾಡ್ ಅನ್ನೋ ಡಬ್ಬಿ ಒಳಗ, ಪಾಡ್‌ಗಳು ನೋಡ್ ಅನ್ನೋ ಸರ್ವರ್ ಮ್ಯಾಲ ಓಡ್ತಾವ) ನೆಟ್‌ವರ್ಕ್‌ಗೆ ಕ್ಯಾಲಿಕೋ ಐತಿ. ಪಾಡ್ ಒಳಗ ಹೋಗಿ ರೂಟ್ ನೋಡಿದ್ರ ಗೇಟ್‌ವೇ 169.254.1.1. ಆ ಐಪಿ ಯಾವ ಇಂಟರ್‌ಫೇಸ್ ಮ್ಯಾಲೂ ಇಲ್ಲ! ಪಾಡ್ ಎಆರ್‌ಪಿ ಕೇಳಿದ್ರ ನೋಡ್ ಕಡೀ ಇಂಟರ್‌ಫೇಸ್ 'ಪ್ರಾಕ್ಸಿ_ಎಆರ್‌ಪಿ' 1 ಇಟ್ಕೊಂಡು ಉತ್ತರ ಕೊಡ್ತೈತಿ. ಮ್ಯಾಕ್ ನೋಡಿದ್ರ ಪೂರ್ತಿ 'ಇ' ಅಕ್ಷರದ ಸಾಲು. ಎಲ್ಲಾ ಟ್ರಾಫಿಕ್ ನೋಡ್‌ಗೆ ಬರ್ತೈತಿ, ಅಲ್ಲಿಂದ ರೂಟ್.

ಭೋಸರಿ_ಕೇಬಲ್

ಒಂದು ಪ್ರಶ್ನೆ ಉಳೀತು. ಮುಂದಿನ ತಿಂಗಳು ಎರಡನೇ ಕೋರ್ ಸ್ವಿಚ್ ಬರ್ತಿದೆ, ಒಂದು ಬಿದ್ರೆ ಇನ್ನೊಂದು ಗೇಟ್‌ವೇ ಆಗೋ ಹಾಗೆ ಎರಡರ ಮಧ್ಯೆ ವಿಆರ್‌ಆರ್‌ಪಿ ಹಾಕೋ ಪ್ಲಾನು. ಅಷ್ಟ್ರೊಳಗೆ ಮಾಸ್ಕ್ ಎಲ್ಲಾ ಸರಿ ಮಾಡೋಕೆ ಆಗ್ಲಿಲ್ಲ ಅಂದ್ರೆ ಪ್ರಾಕ್ಸಿ ಎಆರ್‌ಪಿ ಇದರ ಜೊತೆ ಹೊಂದ್ಕೊಳ್ಳುತ್ತಾ?

ಐರೋಲಿ_ಅಕ್ಕ

ಉತ್ತರದಲ್ಲಿ ಯಾವ ಮ್ಯಾಕ್ ಹೋಗುತ್ತೆ ಅನ್ನೋದರ ಮೇಲೆ ನಿಂತಿದೆ. ವಿಆರ್‌ಆರ್‌ಪಿಯ ಆರ್‌ಎಫ್‌ಸಿ (ಮೊದಲು 5798, 2024ರಿಂದ 9568) ಪ್ರಕಾರ ಪ್ರಾಕ್ಸಿ ಉತ್ತರದಲ್ಲಿ ವರ್ಚುವಲ್ ಮ್ಯಾಕ್ ಕೊಡ್ಬೇಕು. ಹಾಗೆ ಕೊಟ್ರೆ ಒಂದು ಸ್ವಿಚ್ ಬಿದ್ರೂ ಇನ್ನೊಂದು ಅದೇ ಮ್ಯಾಕ್ ಹೊತ್ಕೊಳ್ಳುತ್ತೆ, ಪ್ರಿಂಟರ್‌ಗೆ ಗೊತ್ತೂ ಆಗಲ್ಲ. ಸ್ವಿಚ್ ತನ್ನ ಸ್ವಂತ ಮ್ಯಾಕ್ ಕೊಟ್ರೆ ಆ ಸ್ವಿಚ್ ಬಿದ್ದಾಗ ಪ್ರಿಂಟರ್ ಸತ್ತ ಮ್ಯಾಕ್‌ಗೇ ಕಳಿಸ್ತಾ ಕೂರುತ್ತೆ, ಅದರ ಎಆರ್‌ಪಿ ಕ್ಯಾಶ್ ಖಾಲಿ ಆಗೋ ತನಕ. ಇಂಥ ಹಳೇ ಡಿವೈಸ್‌ಗಳು ಕ್ಯಾಶ್ ಎಷ್ಟು ಹೊತ್ತು ಇಟ್ಕೊಳ್ಳುತ್ತವೋ ದೇವರೇ ಬಲ್ಲ. ರಜೆ ದಿನ ಒಂದು ಸ್ವಿಚ್‌ನ ಕೇಬಲ್ ಕಿತ್ತು ಪರೀಕ್ಷೆ ಮಾಡದೇ ನಂಬ್ಬೇಡಿ.

ಇನ್ನೊಂದು: ಆಕ್ಸೆಸ್ ಸ್ವಿಚ್‌ಗಳಲ್ಲಿ ಸುಳ್ಳು ಎಆರ್‌ಪಿ ತಡೆಯೋ ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಇದ್ರೆ ಕೋರ್‌ಗೆ ಹೋಗೋ ಅಪ್‌ಲಿಂಕ್ ಟ್ರಸ್ಟೆಡ್ ಇರಬೇಕು. ಇಲ್ಲಾಂದ್ರೆ ಈ ಐಪಿ-ಮ್ಯಾಕ್ ಜೋಡಿ ತನ್ನ ಪಟ್ಟಿಯಲ್ಲಿಲ್ಲ ಅಂತ ಸ್ಪೂಫಿಂಗ್ ಲೆಕ್ಕಕ್ಕೆ ಹಾಕಿ ಬಿಸಾಕುತ್ತೆ. ಅದರ ಕಣ್ಣಿಗೆ ಎರಡಕ್ಕೂ ವ್ಯತ್ಯಾಸ ಇಲ್ಲ.

ಸಿಸಿಎನ್ಎ_ಹುಡುಗ

ಆಕ್ಸೆಸ್ ಪಾಯಿಂಟ್‌ನಲ್ಲೂ ಪ್ರಾಕ್ಸಿ ಎಆರ್‌ಪಿ ಅಂತ ಆಪ್ಷನ್ ನೋಡಿದೆ. ಅದೂ ಇದೇನಾ?

ಐರೋಲಿ_ಅಕ್ಕ

ಅದು ಬೇರೆ ಕೆಲಸ. ತನಗೆ ಕನೆಕ್ಟ್ ಆದ ಫೋನ್‌ಗಳ ಐಪಿ, ಮ್ಯಾಕ್ ಎಪಿಗೆ ಗೊತ್ತಿರುತ್ತೆ. ಯಾರಾದ್ರೂ ಆ ಫೋನ್ ಬಗ್ಗೆ ಎಆರ್‌ಪಿ ಕೇಳಿದ್ರೆ ಗಾಳಿಗೆ ಬ್ರಾಡ್‌ಕಾಸ್ಟ್ ಬಿಡದೇ ತಾನೇ ಉತ್ತರ ಕೊಡುತ್ತೆ, ಆದ್ರೆ ಫೋನ್‌ನ ನಿಜವಾದ ಮ್ಯಾಕನ್ನೇ ಕೊಡುತ್ತೆ. ಮಲಗಿರೋ ಫೋನ್ ಏಳ್ಬೇಕಾಗಿಲ್ಲ, ಬ್ಯಾಟರಿ ಉಳಿಯುತ್ತೆ. ಡೇಟಾ ಸೆಂಟರ್‌ನ ಸ್ವಿಚ್‌ಗಳನ್ನ ಬೆಸೆಯೋ ಇವಿಪಿಎನ್‌ನಲ್ಲೂ ಹಾಗೇ, ಆರ್‌ಎಫ್‌ಸಿ 9161. ಭೋಸರಿ ಸ್ವಿಚ್ ತನ್ನ ಮ್ಯಾಕ್ ಕೊಟ್ಟು ಟ್ರಾಫಿಕ್ ತನ್ನ ಕಡೆ ಎಳ್ಕೊಳ್ಳುತ್ತೆ. ಇವು ಬರೀ ಗಲಾಟೆ ಕಮ್ಮಿ ಮಾಡ್ತವೆ.

ವಾಸ್ಕೋ_ಬಸ್ಯಾ

ಐಪಿವಿ6 ಬಂದ್ರ ಇವೆಲ್ಲಾ ಕಾಟ ಇಲ್ಲ ಬಿಡ್ರಿ, ಎಆರ್‌ಪಿನ ಇಲ್ಲ.

ಹಳೇ_ಸಬ್‌ನೆಟ್

ಅಲ್ಲಿ ಎಆರ್‌ಪಿ ಜಾಗದಲ್ಲಿ ಎನ್‌ಡಿ, ಅದಕ್ಕೂ ಎನ್‌ಡಿ ಪ್ರಾಕ್ಸಿ ಇದೆ ಅಪ್ಪಾ. ಆರ್‌ಎಫ್‌ಸಿ 4389.

ವಾಸ್ಕೋ_ಬಸ್ಯಾ

ಅಯ್ಯ ಶಿವನ!

ಐರೋಲಿ_ಅಕ್ಕ

ಮಾಣಿ, ನಿಮ್ಮ ಐಎಸ್‌ಪಿ ಇಂಟರ್ನೆಟ್ ಎಕ್ಸ್‌ಚೇಂಜ್‌ನಲ್ಲಿ ಪೀರಿಂಗ್ (ಬೇರೆ ಕಂಪನಿಗಳ ಜೊತೆ ನೇರ ಟ್ರಾಫಿಕ್ ಕೊಡು-ತಗೋ) ಮಾಡುತ್ತಲ್ವಾ? ಆ ಪೋರ್ಟ್‌ನಲ್ಲಿ ಪ್ರಾಕ್ಸಿ ಎಆರ್‌ಪಿ ಆಫ್ ಇದೆಯಾ?

ಮಾಟುಂಗಾ_ಮಾಣಿ

ಆ ರೂಟರ್ ನಾನು ಹಾಕಿದ್ದಲ್ಲ ಅಕ್ಕ. ಯಾಕೆ, ಅಲ್ಲಿ ಎಂತ ಆಗ್ತದೆ? ನಮ್ಮ ಸೂಪರ್ ವಿಲ್ಯಾನ್ ಬೇರೆ, ಅದು ಬೇರೆ ಅಂತೀರಾ?

ಐರೋಲಿ_ಅಕ್ಕ

ಪೂರಾ ಬೇರೆ. ನಿಕ್ಸಿ ಆಗ್ಲಿ, ಡಿಇ-ಸಿಐಎಕ್ಸ್ ಮುಂಬೈ ಆಗ್ಲಿ, ಎಕ್ಸ್‌ಚೇಂಜ್ ಅಂದ್ರೆ ಎಲ್ಲಾ ಸದಸ್ಯರ ರೂಟರ್‌ಗಳು ಒಂದೇ ಪೀರಿಂಗ್ ಲ್ಯಾನ್‌ನಲ್ಲಿ ಕೂತಿರ್ತವೆ. ಆ ಲ್ಯಾನ್ /23 ಅಂತಿಟ್ಕೊಳ್ಳಿ. ಒಬ್ಬ ಸದಸ್ಯ ಕಣ್ತಪ್ಪಿ ತನ್ನ ಇಂಟರ್‌ಫೇಸ್‌ಗೆ /24 ಹಾಕ್ದ. ಅವನ ರೂಟರ್ ಲೆಕ್ಕದಲ್ಲಿ ಲ್ಯಾನ್‌ನ ಇನ್ನರ್ಧ ಎಲ್ಲೋ ಹೊರಗಿದೆ, ಡೀಫಾಲ್ಟ್ ರೂಟ್‌ನಲ್ಲಿ ಬೇರೆ ಇಂಟರ್‌ಫೇಸ್ ಕಡೆ ದಾರಿನೂ ಇದೆ. ಪ್ರಾಕ್ಸಿ ಎಆರ್‌ಪಿ ಆನ್. ಇನ್ನರ್ಧದ ರೂಟರ್‌ಗಳನ್ನ ಯಾರು ಕೇಳಿದ್ರೂ ಇವನ ರೂಟರ್ "ನಾನೇ" ಅನ್ನುತ್ತೆ. ನಿಜವಾದವನಿಗಿಂತ ಇವನ ಉತ್ತರ ಗೆದ್ರೆ ಬೇರೆಯವರ ಟ್ರಾಫಿಕ್ ಇವನ ಡಬ್ಬಿಗೆ. ರೂಟರ್‌ಗಳು ಒಂದಕ್ಕೊಂದು ದಾರಿ ಹೇಳ್ಕೊಳ್ಳೋ ಬಿಜಿಪಿ ಸೆಶನ್‌ಗಳು ದಡಬಡ ಬೀಳ್ತವೆ. ಇವನ ಕಡೆ ಎಲ್ಲಾ ಹಸಿರು ದೀಪ, ಏನೂ ಕಾಣಲ್ಲ.

ಅದಕ್ಕೇ ಎಕ್ಸ್‌ಚೇಂಜ್‌ಗಳು ಪೀರಿಂಗ್ ಪೋರ್ಟ್‌ನಲ್ಲಿ ಪ್ರಾಕ್ಸಿ ಎಆರ್‌ಪಿ ಇರಲೇಬಾರದು ಅನ್ನೋದು.

ಮಾಟುಂಗಾ_ಮಾಣಿ

ಮಾಸ್ಕ್ ಸರಿ ಇದ್ರೆ ತೊಂದರೆ ಇಲ್ಲ ಅಲ್ವಾ ಹಾಗಾದ್ರೆ?

ಹಳೇ_ಸಬ್‌ನೆಟ್

ಭೋಸರಿಯಲ್ಲೂ ಎಲ್ಲರೂ ಮಾಸ್ಕ್ ಸರಿ ಇದೆ ಅಂತಲೇ ಅಂದ್ಕೊಂಡಿದ್ರು. ಅಲ್ಲಿ ನಿಮ್ಮ ಮಾಸ್ಕ್ ಸರಿ ಇದ್ರೂ ಪ್ರಾಕ್ಸಿ ಎಆರ್‌ಪಿಯಿಂದ ಉಪಯೋಗ ಏನೂ ಇಲ್ಲ, ಅಪಾಯ ಮಾತ್ರ ಇದೆ. ಇಟ್ಕೊಂಡು ಏನ್ ಮಾಡ್ತೀರಿ?

ಮಾಟುಂಗಾ_ಮಾಣಿ

ಸರಿ ಸರಿ. ಸೋಮವಾರ ಮೇಂಟೆನೆನ್ಸ್ ವಿಂಡೋ ಉಂಟು, ಆಗ ನೋಡ್ತೇನೆ.

ಐರೋಲಿ_ಅಕ್ಕ

'ಶೋ ಐಪಿ ಇಂಟರ್‌ಫೇಸ್' ನೋಡೋಕೆ ಮೇಂಟೆನೆನ್ಸ್ ವಿಂಡೋ ಬೇಕಾ? ಈಗ ನೋಡಿ.

ಮಾಟುಂಗಾ_ಮಾಣಿ

ಲಾಗಿನ್ ಆಗ್ತಾ ಇದ್ದೇನೆ ಮಾರಾಯ್ರೆ, ತಡೀರಿ.

ಮಾಟುಂಗಾ_ಮಾಣಿ

…ಎನೇಬಲ್ಡ್.